ಹಳೆಯ ಹೊಲಿಗೆಯನ್ನು ಮರೆಯದಿರಿ

ಹೊಟ್ಟೆನೋವು, ವಾಂತಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಉತ್ತರ ‘ಗ್ಯಾಸ್’. ಇಫ್ತಾರ್‌ನಲ್ಲಿ ಕರಿದದ್ದು ಹೆಚ್ಚಾಯಿತು, ಮದುವೆಯ ಬಿರಿಯಾನಿ ಜೀರ್ಣವಾಗಲಿಲ್ಲ ಎಂದು ಸೋಡಾ, ಜೀರಿಗೆ ಕಷಾಯ ಕೊಡುತ್ತೇವೆ. ಎಷ್ಟೋ ಸಲ ಅದು ಸರಿಯೂ ಆಗಿರುತ್ತದೆ. ಆದರೆ ಹಿಂದೊಮ್ಮೆ ಹೊಟ್ಟೆಯ ಆಪರೇಷನ್ ಆದವರ ವಿಷಯದಲ್ಲಿ ಈ ಊಹೆ ಜೀವಕ್ಕೇ ಎರವಾಗಬಹುದು.

ಅಪೆಂಡಿಕ್ಸ್ ಇರಲಿ, ಗರ್ಭಕೋಶ ಇರಲಿ, ಸಿಸೇರಿಯನ್ ಇರಲಿ, ಒಳಗಿನ ಗಾಯ ಮಾಯುವಾಗ ಕರುಳಿನ ಸುರುಳಿಗಳು ಒಂದಕ್ಕೊಂದು ಅಥವಾ ಹೊಟ್ಟೆಯ ಗೋಡೆಗೆ ಅಂಟಿಕೊಳ್ಳುವುದುಂಟು. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಸಣ್ಣ ಕರುಳು ಆ ಅಂಟಿನಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚಿಹೋಗುತ್ತದೆ. ಆಪರೇಷನ್ ಆದ ತಿಂಗಳಲ್ಲೇ ಹೀಗಾಗಬಹುದು, 20 ವರ್ಷಗಳ ನಂತರವೂ ಆಗಬಹುದು. ಸಣ್ಣ ರಂಧ್ರದ ಲ್ಯಾಪರೋಸ್ಕೋಪಿಯಲ್ಲಿ ಸಾಧ್ಯತೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಬಿಟ್ಟುಬಿಟ್ಟು ಹಿಂಡುವ ನೋವು, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಮಲವೂ ವಾಯುವೂ ಹೋಗದಿರುವುದು ಇದರ ಲಕ್ಷಣಗಳು. ಆಗ ಭೇದಿ ಔಷಧಿ ಕೊಡಲೇಬಾರದು. ಬಾಯಿಗೆ ಏನನ್ನೂ ಕೊಡದೆ ಆಸ್ಪತ್ರೆಗೆ ಒಯ್ಯಬೇಕು. ಡ್ರಿಪ್ ಹಾಕಿ, ಮೂಗಿನ ಮೂಲಕ ನಳಿಕೆ ಇಳಿಸಿ, ಕರುಳಿಗೆ ವಿಶ್ರಾಂತಿ ಕೊಟ್ಟರೆ ಅನೇಕರಿಗೆ ಮತ್ತೊಂದು ಆಪರೇಷನ್ನಿನ ಅಗತ್ಯವೇ ಬೀಳುವುದಿಲ್ಲ. ಆದರೆ ನೋವು ಬಿಡುವಿಲ್ಲದೆ ಕಾಡಿ, ಜ್ವರವೂ ಬಂದರೆ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಆಗ ಕರುಳು ಕೊಳೆಯಲು ಕೆಲವು ಗಂಟೆಗಳೇ ಸಾಕು. ‘ಬೆಳಗಾಗಲಿ, ನೋಡೋಣ’ ಎನ್ನುವ ಸಮಯ ಅದಲ್ಲ.

ನಮ್ಮ ಸಂಕೋಚವೂ ಇಲ್ಲಿ ಶತ್ರುವಾಗುತ್ತದೆ. ಆಪರೇಷನ್ ಆದ ಮರುದಿನ ವೈದ್ಯರು ‘ಗ್ಯಾಸ್ ಹೋಯಿತೇ?’ ಎಂದು ಕೇಳುವುದು ಕರುಳು ಮತ್ತೆ ಕೆಲಸ ಆರಂಭಿಸಿತೇ ಎಂದು ತಿಳಿಯಲು. ಅತ್ತೆ, ಮಾವ, ಮೈದುನ ಸುತ್ತ ನಿಂತಿರುವಾಗ ಹೆತ್ತ ಹೆಣ್ಣುಮಗಳು ನಾಚಿ ಸುಮ್ಮನೆ ‘ಹೂಂ’ ಎಂದುಬಿಡುತ್ತಾಳೆ. ಹಿರಿಯರು ಆ ಐದು ನಿಮಿಷ ಕೋಣೆಯಿಂದ ಹೊರಗೆ ಹೋದರೆ ಅದೇ ದೊಡ್ಡ ಉಪಕಾರ.

ಮನೆಯಲ್ಲಿ ಜಮೀನಿನ ಕಾಗದಗಳನ್ನು ಎಷ್ಟು ಜೋಪಾನವಾಗಿ ಇಡುತ್ತೇವೋ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಅಷ್ಟೇ ಜೋಪಾನವಾಗಿ ಇಡೋಣ. ಹೊಟ್ಟೆನೋವೆಂದು ವೈದ್ಯರ ಬಳಿ ಹೋದಾಗ ಅವರು ಕೇಳುವ ಮೊದಲೇ ಹೇಳೋಣ: “ಡಾಕ್ಟ್ರೇ, ಇವರಿಗೆ ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆ.”