ಫಾರಿನ್ ಪಾರ್ಟಿ, ವಿಲ್ಲಾ ಮತ್ತು ನಮ್ಮ ಬೈಲು

ನಟ್ಟಿ ಮುಗಿದು ಸ್ವಲ್ಪ ಪುರುಸೊತ್ತು ಆಗಿದೆ. ಈ ಸಲ ಗೊಬ್ಬರ, ಕಳೆ ವಿಷಯ ಬಿಟ್ಟು ಬೇರೆ ಒಂದು ಬರೀತೇನೆ. ಕಾಪುವಿನಿಂದ ಕಾರ್ಕಳದ ತನಕ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಂದೇ ಮಾತು: "ನಿಮ್ಮಲ್ಲಿ ಜಾಗ ಉಂಟಾ? ಫಾರಿನ್ ಪಾರ್ಟಿ ಉಂಟು ಮಾರಾಯ್ರೆ, ಸಮುದ್ರದ ಹತ್ತಿರ ಫ್ಯಾಮಿಲಿಗೆ ಒಂದು ವಿಲ್ಲಾ ಮಾಡ್ಬೇಕಂತೆ."

ಜಾಗ ಮಾರುವವರನ್ನು ನಾನು ದೂರುವುದಿಲ್ಲ. ಆಳು ಸಿಗುವುದಿಲ್ಲ, ಮಕ್ಕಳು ಊರಲ್ಲಿಲ್ಲ, ಭತ್ತದ ಲೆಕ್ಕ ಎಲ್ಲರಿಗೂ ಗೊತ್ತುಂಟು. ನನ್ನ ತಕರಾರು ಎರಡೇ. ಮಾರುವುದಾದರೆ ಬೆಟ್ಟು ಮಾರಿ, ಬೈಲು ಮುಟ್ಟಬೇಡಿ. ಮತ್ತೆ, ಬೇರೆಯವರ ದುಡ್ಡಿಗೆ ನಿಮ್ಮ ಹೆಸರು ಕೊಡಬೇಡಿ.

ಎರಡನೆಯದನ್ನು ಮೊದಲು ಹೇಳ್ತೇನೆ, ಬ್ರೋಕರ್‌ಗಳು ಜಾಸ್ತಿ ದಾರಿ ತಪ್ಪಿಸುವುದು ಅಲ್ಲೇ. "2020ರಲ್ಲಿ ಕಾನೂನು ಬದಲಾಗಿದೆ, ಈಗ ಯಾರು ಬೇಕಾದರೂ ಕೃಷಿ ಜಾಗ ತಗೊಳ್ಳಬಹುದು" ಅಂತಾರೆ. ಅರ್ಧ ಸರಿ. ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆಯಲ್ಲಿದ್ದ 79ಎ, 79ಬಿ ಹೋದವು, ಕೃಷಿಕರಲ್ಲದವರೂ ಖರೀದಿಸಬಹುದು ಅಂತಾಯ್ತು. ಆದರೆ ಹೊರದೇಶದಲ್ಲಿ ನೆಲೆಸಿದವರಿಗೆ ಅನ್ವಯವಾಗುವುದು ಕೇಂದ್ರದ ಫೆಮಾ ಕಾನೂನು. ಅದರಲ್ಲಿ ಎನ್‌ಆರ್‌ಐ, ಒಸಿಐ ಇಬ್ಬರೂ ಮನೆ, ಫ್ಲ್ಯಾಟು, ಕನ್ವರ್ಷನ್ ಆದ ಸೈಟು, ಅಂಗಡಿ ತಗೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಖರೀದಿಸುವ ಹಾಗಿಲ್ಲ. ಬೆಂಗಳೂರಿನಲ್ಲಿ ಆದ ತಿದ್ದುಪಡಿ ಇದನ್ನು ಮುಟ್ಟಲೇ ಇಲ್ಲ.

ಇಲ್ಲಿ ಒಂದು ವಿಚಿತ್ರ ಉಂಟು. ಫಾರಿನರ್ ಅಂದ ಕೂಡಲೇ ನಮಗೆ ಮಣಿಪಾಲದಲ್ಲಿ ಕಾಣುವ ಬಿಳಿಯರು ನೆನಪಾಗ್ತಾರೆ. ಭಾರತೀಯ ಮೂಲ ಇಲ್ಲದೆ ಟೂರಿಸ್ಟ್ ವೀಸಾದಲ್ಲಿ ಬಂದವರು ಏನನ್ನೂ ಕೊಳ್ಳುವ ಹಾಗಿಲ್ಲ, ಐದು ವರ್ಷದ ಒಳಗಿನ ಲೀಸ್ ಮಾತ್ರ. ಇಲ್ಲಿ ಕೆಲಸಕ್ಕೆ ಬಂದು ನೆಲೆಸಿದವರದ್ದು ಬೇರೆ ಲೆಕ್ಕ. ಆದರೆ ನಮ್ಮ ಬಾಗಿಲಿಗೆ ಬರುವ ಪಾರ್ಟಿ ಇವರಲ್ಲ, ದುಬೈ, ಬಹ್ರೇನ್, ಕುವೈತಿನಲ್ಲಿರುವ ನಮ್ಮ ಊರಿನವರೇ. ಪಾಸ್‌ಪೋರ್ಟಿನಲ್ಲಿ ಅಶೋಕ ಸ್ತಂಭ ಇದ್ದರೂ, ಕೆಲಸಕ್ಕೆ ಅಂತ ವಿಮಾನ ಹತ್ತಿದ ಮೇಲೆ ಫೆಮಾ ಲೆಕ್ಕದಲ್ಲಿ ಅವರು ಹೊರಗೆ ನೆಲೆಸಿದವರು. ನಿಮ್ಮ ಅಕ್ಕನ ಮಗನೇ ಆಗಲಿ, ಗದ್ದೆ ಅವನ ಹೆಸರಿಗೆ ಕ್ರಯ ಆಗುವ ಹಾಗಿಲ್ಲ. ಕೆಲಸ ಬಿಟ್ಟು ಪೂರಾ ಊರಿಗೆ ಬಂದು ನಿಂತ ಮೇಲೆ ಆಗ್ತದೆ.

ಆಗ ಬರುವ ಸಲಹೆ ಇದು: "ಭಾವ, ಸದ್ಯಕ್ಕೆ ನಿಮ್ಮ ಹೆಸರಲ್ಲೇ ಇರಲಿ, ದುಡ್ಡು ನಾನು ಕಳಿಸ್ತೇನೆ, ಮತ್ತೆ ನೋಡುವ." ಕೇಳಲಿಕ್ಕೆ ಸಂಬಂಧದ ಮಾತು. ಕಾನೂನಿನಲ್ಲಿ ಅದಕ್ಕೆ ಬೇನಾಮಿ ಅಂತ ಹೆಸರು. 2016ರ ತಿದ್ದುಪಡಿ ಆದ ಮೇಲೆ 1ರಿಂದ 7 ವರ್ಷ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ 25 ಶೇಕಡಾದ ತನಕ ದಂಡ, ಜಾಗವೂ ಸರ್ಕಾರಕ್ಕೆ. ಹೆಸರು ಕೊಟ್ಟವನಿಗೂ ಅದೇ ಶಿಕ್ಷೆ. ಅವನು ಶಾರ್ಜಾದಲ್ಲಿರ್ತಾನೆ, ನೋಟಿಸು ಬರುವುದು ನಿಮ್ಮ ಮನೆಗೆ.

ಮನೆ ಒಳಗಿನ ವ್ಯವಹಾರದಲ್ಲೂ ಇದು ಬರ್ತದೆ. ತಂದೆಯ ಕಾಲಾನಂತರ ಗದ್ದೆಯ ಪಾಲು ಅಮೆರಿಕದಲ್ಲಿರುವ ಮಗಳಿಗೆ ವಾರಸಿನಲ್ಲಿ ಬರಬಹುದು, ತೊಂದರೆ ಇಲ್ಲ. ಅದೇ ಗದ್ದೆಯನ್ನು ತಂದೆ ಬದುಕಿರುವಾಗ ದಾನಪತ್ರ ಮಾಡಿ ಅವಳಿಗೆ ಕೊಡುವ ಹಾಗಿಲ್ಲ. ಎಷ್ಟೋ ಮನೆಯಲ್ಲಿ ಇದು ಗೊತ್ತಿಲ್ಲ.

ಇನ್ನು ಸರಿಯಾದ ದಾರಿ, ಅಂದರೆ ಕನ್ವರ್ಷನ್ ಮಾಡಿಸಿ ಮಾರುವುದು. ಅದನ್ನು ಮಾಡಿಸಬೇಕಾದವರು ನಾವು, ಯಾಕಂದ್ರೆ ಅವರಿಗೆ ಕೃಷಿ ಜಾಗ ಬರೆಯುವ ಹಾಗಿಲ್ಲ. ಪೇಟೆಯಿಂದ ದೂರದ ಕೃಷಿ ಭೂಮಿಗೆ (ಉಡುಪಿ ನಗರಸಭೆ ಗಡಿಯಿಂದ 6 ಕಿ.ಮೀ., ಕಾರ್ಕಳ ಪುರಸಭೆ ಗಡಿಯಿಂದ 2 ಕಿ.ಮೀ. ಆಚೆ) ಮಾರಿದ ಲಾಭದ ಮೇಲೆ ಆದಾಯ ತೆರಿಗೆ ಇಲ್ಲ. ಕನ್ವರ್ಷನ್ ಆಗಿ ಸೈಟ್ ಆದ ಮೇಲೆ ಆ ವಿನಾಯಿತಿ ಕೇಳಲಿಕ್ಕೆ ಹೋದರೆ ಕಷ್ಟ. ಸೆಂಟ್ಸಿಗೆ ಎಷ್ಟು ಅಂತ ಬಾಯಿಮಾತು ಕೊಡುವ ಮೊದಲು ಆಡಿಟರ್ ಹತ್ರ ಕೂತು ಲೆಕ್ಕ ಹಾಕಿ. ಬೆಲೆ ಜಾಸ್ತಿ ಅಂತ ಕಂಡದ್ದು ತೆರಿಗೆ ಕಳೆದಾಗ ಅಷ್ಟಕ್ಕಷ್ಟೇ ಇರಬಹುದು. ಅವರ ದುಡ್ಡು ಬ್ಯಾಂಕ್ ಮೂಲಕವೇ ಬರಬೇಕು, ದಿರ್ಹಮ್ ನೋಟಿನ ಕಟ್ಟಾಗಿ ಅಲ್ಲ.

ಮತ್ತೆ ಕುಮ್ಕಿ. "ಒಂದೂವರೆ ಎಕರೆ, ಜತೆಗೆ ಕುಮ್ಕಿ" ಅಂತ ಪೋಟೋ ಸಮೇತ ತೋರಿಸ್ತಾರೆ. ಕುಮ್ಕಿ ಸರ್ಕಾರದ ಜಾಗ. ವರ್ಗದ ಗಡಿಯಿಂದ 450 ಲಿಂಕ್ಸ್, ಅಂದರೆ ಸುಮಾರು 90 ಮೀಟರ್ ಒಳಗೆ ಸೊಪ್ಪು, ಸೌದೆ, ಮೇವಿಗೆ ಅಂತ ಕೃಷಿಕನಿಗೆ ಕೊಟ್ಟ ಸವಲತ್ತು ಅಷ್ಟೇ. ಅದಕ್ಕೆ ಬೆಲೆ ಕಟ್ಟಿ ಮಾರಿದರೆ, ನಾಳೆ ಪಾರ್ಟಿ ಕಂಪೌಂಡ್ ಹಾಕಲಿಕ್ಕೆ ಹೋಗಿ ತಡೆ ಬಂದಾಗ ಊರಲ್ಲಿ ಸಿಗುವವರು ನಾವೇ.

ಈಗ ಬೈಲಿನ ವಿಷಯ. ನಮ್ಮ ಬೈಲಿನ ಮೇಲಿನ ತುದಿಯಲ್ಲಿ 22 ಸೆಂಟ್ಸ್ ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಒಂದು ಮನೆ ಆಯ್ತು. ಮನೆ ಚಂದ ಉಂಟು, ಗಾಜು, ಈಜುಕೊಳ ಎಲ್ಲ. ಆರು ಅಡಿ ಅಗಲದ ತೋಡು ಇದ್ದಲ್ಲಿ ಎರಡು ಅಡಿಯ ಸಿಮೆಂಟು ಪೈಪು ಬಂತು. ಕಳೆದ ಜುಲೈಯಲ್ಲಿ ಮಳೆ ಹೊಡೆದಾಗ ಪಕ್ಕದ ಮೂರು ಗದ್ದೆಯಲ್ಲಿ ನಾಲ್ಕು ದಿನ ನೀರು ಇಳಿಯಲಿಲ್ಲ. ನೆಟ್ಟು ವಾರ ಆಗಿದ್ದ ನೇಜಿ ಪೂರಾ ಕೊಳೆತಿತು. ಯಜಮಾನರು ವರ್ಷಕ್ಕೆ ಇಪ್ಪತ್ತು ದಿನ ಬರುವವರು, ಒಳ್ಳೆಯ ಜನ, ಫೋನಿನಲ್ಲಿ ಪಾಪ ಬೇಜಾರು ಮಾಡಿಕೊಂಡರು. ಅಲ್ಲಿ ತೋಡು ಇತ್ತು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಜಾಗ ತೋರಿಸಿದ್ದು ಮೇ ತಿಂಗಳಲ್ಲಿ!

ಗಡಿ ದಾಟಿದರೆ ಕಾಸರಗೋಡಿನಲ್ಲಿ ಗದ್ದೆ ತುಂಬಿಸುವುದನ್ನು ತಡೆಯಲಿಕ್ಕೆ 2008ರಿಂದ ಪ್ರತ್ಯೇಕ ಕಾಯ್ದೆ ಉಂಟು. ಅಲ್ಲೂ ತುಂಬಿಸ್ತಾರೆ, ಆದರೆ ದೂರು ಕೊಡಲಿಕ್ಕೆ ಒಂದು ಹಿಡಿತ ಇದೆ. ನಮ್ಮಲ್ಲಿ ಅಂಥದ್ದಿಲ್ಲ, ಹಾಗಾಗಿ ಮಾರುವವನ ಕೈಯಲ್ಲೇ ಎಲ್ಲ ಇರುವುದು.

ಕಡಲ ಬದಿಯವರಿಗೆ ಇನ್ನೊಂದು. ಸಿಆರ್‌ಝಡ್ ಅಂದರೆ ಸಮುದ್ರ ಮಾತ್ರ ಅಂತ ತಿಳಿಯಬೇಡಿ, ಭರತಕ್ಕೆ ಉಪ್ಪುನೀರು ಏರುವ ಹೊಳೆಯ ದಡಕ್ಕೂ ಅದು ಬರ್ತದೆ. ಮಟ್ಟು, ಪಾಂಗಾಳ, ಉದ್ಯಾವರ ಬದಿಯವರು ನಕ್ಷೆ ನೋಡದೆ ಅಡ್ವಾನ್ಸ್ ತಗೊಳ್ಳಬೇಡಿ. ಆ ಬದಿಯ ಸಿಹಿನೀರು ತೆಳ್ಳಗಿನ ಪದರ. ಈಜುಕೊಳಕ್ಕೆ, ಹುಲ್ಲುಹಾಸಿಗೆ ಅಂತ ಬೋರ್‌ವೆಲ್ ಎಳೆದರೆ ಏಪ್ರಿಲ್‌ಗೆ ಪಕ್ಕದ ಬಾವಿ ಉಪ್ಪಾಗ್ತದೆ. ಜಿಐ ಪಟ್ಟ ಸಿಕ್ಕಿದ ಮಟ್ಟುಗುಳ್ಳಕ್ಕೆ ಆ ಉಪ್ಪುನೀರು ಹಾಕಲಿಕ್ಕಾಗ್ತದಾ?

ನಾನು ಬ್ರೋಕರ್‌ಗೆ ಹೇಳಿದ್ದು ಇಷ್ಟೇ. ಪಾರ್ಟಿಯನ್ನು ಜುಲೈಯಲ್ಲಿ ಕರ್ಕೊಂಡು ಬನ್ನಿ, ಕೊಡೆ ಹಿಡಿದು ತೋಡಿನ ಬದಿಯಲ್ಲಿ ನಡೆಯುವ. ಮೇಲೆ ಮುರಕಲ್ಲಿನ ಬೆಟ್ಟು ಉಂಟು, ಗಾಳಿ ಒಳ್ಳೆಯದು, ಮಣ್ಣು ತುಂಬಿಸುವ ಖರ್ಚಿಲ್ಲ, ಅದನ್ನು ನೋಡಲಿ. ಕರಾರುಪತ್ರದಲ್ಲಿ ತೋಡಿನ ಅಗಲ ಅಡಿಯಲ್ಲಿ ಬರೆದು, ನಕ್ಷೆಯಲ್ಲಿ ಗುರುತು ಹಾಕಿ, ಇಬ್ಬರೂ ಸಹಿ ಮಾಡುವ. ಅವರು ಇನ್ನೂ ಫೋನ್ ಮಾಡಿಲ್ಲ.