ಇದ್ದ ಮುಖಕ್ಕೆ ಬೆಳಕು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿನ ಖರ್ಚಿಗೆಂದು ರಜಾದಿನಗಳಲ್ಲಿ ಹೊಸಪೇಟೆಯ ಸ್ಟುಡಿಯೋ ಒಂದರಲ್ಲಿ ಮದುವೆಯ ಛಾಯಾಗ್ರಹಣ ಕಲಿಯುತ್ತಿದ್ದೇನೆ. ಕ್ಯಾಮರಾ ಬೇಗ ಕೈಗೆ ಒಗ್ಗಿತು, ದೀಪಗಳು ಒಗ್ಗಲಿಲ್ಲ.

ಕಳೆದ ವೈಶಾಖದಲ್ಲಿ ಕಂಪ್ಲಿಯ ಮದುವೆಯೊಂದರಲ್ಲಿ ಮದುಮಗಳು ಎಣ್ಣೆಗಪ್ಪಿನವಳು. "ಹುಡುಗಿ ಸ್ವಲ್ಪ ಬೆಳ್ಳಗೆ ಕಾಣಲಪ್ಪಾ" ಎಂದರು ಹಿರಿಯರು. ನಾನು ಎರಡು ದೀಪಗಳನ್ನೂ ನೇರ ಎದುರಿಗಿಟ್ಟು ಪೂರ್ಣ ಶಕ್ತಿಗೆ ತಿರುಗಿಸಿದೆ. ಚಿತ್ರ ಬೆಳ್ಳಗೇ ಬಂತು. ಮೂಗಿನ ಅಂದ, ಗಲ್ಲದ ಗುಳಿ, ಸೀರೆಯ ಜರಿ ಎಲ್ಲವೂ ಅಳಿಸಿಹೋಗಿದ್ದವು. ಅದನ್ನು ನೋಡಿ ಆಕೆ, "ಇದು ನಾನಲ್ಲ" ಎಂದಳು. ನನಗೆ ಬಹಳ ನಾಚಿಕೆಯಾಯಿತು.

ಅನಂತರ ಒಂದು ಭಾನುವಾರ ಹಂಪಿಯ ಹಜಾರರಾಮ ದೇವಾಲಯದ ಗೋಡೆಯೆದುರು ಕುಳಿತೆ. ಬಿಸಿಲು ಎದುರಿನಿಂದ ಬಿದ್ದಾಗ ಶಿಲ್ಪಗಳು ಚಪ್ಪಟೆಯಾಗಿದ್ದವು. ಓರೆಯಾಗಿ ಬಿದ್ದಾಗ ಆನೆ ಕುದುರೆಗಳು ಎದ್ದು ನಿಂತವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಗಾಗದದ ನೆಗಟಿವ್‌ಗಳಲ್ಲಿ ಹಂಪಿಯನ್ನು ಚಿತ್ರಿಸಿದಾಗ ಅವನಿಗಿದ್ದುದು ಸೂರ್ಯನೊಬ್ಬನೇ, ಅವನು ಕಾಯಬೇಕಿತ್ತು. ನಾವಾದರೋ ದೀಪವನ್ನೇ ಸರಿಸಬಹುದು.

ಮುಂದೆ ಸಂಡೂರಿನ ಮದುವೆಯಲ್ಲಿ ಒಂದೇ ದೀಪವನ್ನು ಬಿಳಿಯ ಕೊಡೆಯ ಹಿಂದೆ, ಮದುಮಗಳ ಪಕ್ಕಕ್ಕೆ ಓರೆಯಾಗಿಟ್ಟೆ. ದೂರ ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆಂಬ ಲೆಕ್ಕವನ್ನು ನೆನೆದು ದೀಪವನ್ನು ಹತ್ತಿರ ತಂದು, ಶಕ್ತಿ ತಗ್ಗಿಸಿದೆ. ಕಪ್ಪು ಕೆನ್ನೆಯ ಮೇಲೆ ಹೊಳಪು ಮೂಡಿತು, ಬಣ್ಣ ಬದಲಾಗಲಿಲ್ಲ.

ಹಣ ಕೊಟ್ಟವರ ಮಾತು ಮೀರುವುದೆಂತು ಎಂದು ಗೆಳೆಯರು ಕೇಳಬಹುದು. ಹಿರಿಯರು ಆ ಚಿತ್ರವನ್ನು ಒಂದು ದಿನ ನೋಡುತ್ತಾರೆ; ಮದುಮಗಳು ಬಾಳೆಲ್ಲ ನೋಡಬೇಕು. ಅವಳಿಗೆ ಅವಳ ಮುಖವನ್ನೇ ಕೊಡುವುದು ನಮ್ಮ ಮೊದಲ ಕರ್ತವ್ಯವೆಂದು ನನ್ನ ನಮ್ರ ಅಭಿಪ್ರಾಯ.