ಲೆಕ್ಕದಲ್ಲಿಯೂ ಮುಯ್ಯಾಳು

ಹೊಲದ ಕೆಲಸ ಒಬ್ಬನ ಕೈಯಿಂದ ಮುಗಿಯದಾಗ ಮುಯ್ಯಾಳು ಕರೆಯುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ನಡುವೆ ರೊಕ್ಕದ ಮಾತಿಲ್ಲ. ಭಿಕ್ಷೆಯ ಮಾತೂ ಇಲ್ಲ. ಈ ರೂಢಿ ಈಗ ನಮ್ಮ ಮಕ್ಕಳ ಗಣಿತದ ನೋಟುಬುಕ್ಕಿನಲ್ಲಿ ಕಾಣಿಸಿಕೊಂಡಿದೆ. ಹಿರಿಯರಲ್ಲಿ ಅನೇಕರು ಇದನ್ನು ಗಮನಿಸಿಲ್ಲ. ಗಮನಿಸಿದವರಲ್ಲಿ ಕೆಲವರು ಇದನ್ನು ಬೈಯುತ್ತಿದ್ದಾರೆ. ಆದುದರಿಂದ ಈ ವಾರ ಇದೇ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಇತ್ತೀಚೆಗೆ ಪಕ್ಷದ ಕೆಲಸಕ್ಕಾಗಿ ಔರಾದ ತಾಲ್ಲೂಕಿನ ಸಂತಪುರಕ್ಕೆ ಹೋಗಿದ್ದೆವು. ಸಂಜೆ ಒಬ್ಬ ದಾಲ್ ಮಿಲ್ಲಿನ ಕೂಲಿಕಾರರ ಮನೆಯ ಕಟ್ಟೆಯ ಮೇಲೆ ನಾಲ್ಕು ಮಕ್ಕಳು ಒಂದೇ ಮೊಬೈಲಿನ ಸುತ್ತ ತಲೆ ಕೂಡಿಸಿ ಕುಳಿತಿದ್ದರು. ಸಿನಿಮಾ ನೋಡುತ್ತಿರಬೇಕೆಂದು ನಾವು ತಿಳಿದೆವು. ಹತ್ತಿರ ಹೋಗಿ ನೋಡಿದರೆ ಅದು ಹತ್ತನೆಯ ಇಯತ್ತೆಯ ಲೆಕ್ಕ. ಎರಡು ಸಂಖ್ಯೆಗಳ ಮೊತ್ತ 17, ಗುಣಲಬ್ಧ 72. ಆ ಸಂಖ್ಯೆಗಳು ಯಾವುವು? ಹುಡುಗ ಸಮೀಕರಣ ಬರೆದು ಬಿಡಿಸಿದ್ದ. ಬಂದ ಉತ್ತರ ಋಣ 8 ಮತ್ತು ಋಣ 9. ಏನೋ ತಪ್ಪಿದೆಯೆಂದು ಅವನಿಗೂ ಗೊತ್ತು. ಎಲ್ಲಿ ತಪ್ಪಿದೆಯೆಂಬುದು ಗೊತ್ತಿಲ್ಲ. ಪುಟದ ಫೋಟೋ ತೆಗೆದು ಭಾಲ್ಕಿಯಲ್ಲಿ ಓದುವ ಚಿಕ್ಕಮ್ಮನ ಮಗಳಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದ.

"ಅಕ್ಕಾ, ಉತ್ತರ ಹೇಳು," ಎಂದ.

"ಉತ್ತರ ಬ್ಯಾಡ. ನಿನಗ ಬಂದ ಎರಡೂ ಅಂಕಿ ಕೂಡ್ಸಿ ನೋಡು. ಎಷ್ಟಾಯ್ತು?" ಎಂದು ಅತ್ತಲಿಂದ ದನಿ ಬಂತು.

ಹುಡುಗ ಕೂಡಿಸಿದ. ಋಣ 17 ಬಂತು. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತಾನೇ ಮೇಲಿನ ಸಾಲಿಗೆ ಬೆರಳು ಒಯ್ದ. ಹದಿನೇಳರ ಹಿಂದೆ ಋಣ ಚಿಹ್ನೆ ಇರಬೇಕಾದಲ್ಲಿ ಧನ ಚಿಹ್ನೆ ಬರೆದಿದ್ದ. ಅದನ್ನು ತಿದ್ದಿದ, 8 ಮತ್ತು 9 ಬಂದವು. ಆ ಹುಡುಗಿ ಉತ್ತರವನ್ನೂ ಹೇಳಲಿಲ್ಲ, ತಪ್ಪನ್ನೂ ತೋರಿಸಲಿಲ್ಲ. ತಪ್ಪು ಎಲ್ಲಿದೆಯೆಂದು ಹುಡುಕುವ ದಾರಿಯನ್ನು ಮಾತ್ರ ತೋರಿಸಿದಳು. ಕೆಲವು ವರ್ಷ ಹಲಗೆಯ ಮುಂದೆ ನಿಂತು ಪಾಠ ಹೇಳಿದ ನಮಗೆ ಇಷ್ಟು ತಾಳ್ಮೆ ಎಷ್ಟು ಸಲ ಇತ್ತೆಂದು ನೆನೆದು ನಾಚಿಕೆಯಾಯಿತು.

ಇದನ್ನು ನಕಲು ಎನ್ನುವವರಿದ್ದಾರೆ. ನಕಲೆಂದರೆ ಒಬ್ಬನ ಉತ್ತರ ಇನ್ನೊಬ್ಬನ ಪುಟಕ್ಕೆ ಹೋಗುವುದು. ಸಹಾಯವೆಂದರೆ ಒಬ್ಬನ ತಿಳಿವಳಿಕೆ ಇನ್ನೊಬ್ಬನ ತಲೆಗೆ ಹೋಗುವುದು. ಇವೆರಡರ ಭೇದ ನಮ್ಮ ಮಿಲ್ಲಿನ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಯಂತ್ರ ಕಲಿಸಿದವರು ಯಾರು? ಎಂಜಿನಿಯರರೇ? ಮಾಲಿಕರೇ? ಪಕ್ಕದಲ್ಲಿ ನಿಂತು ಕೆಲಸ ಮಾಡುವ ಹಳೆಯ ಕೂಲಿಕಾರರೇ ಕಲಿಸಿದವರು. "ಇಲ್ಲಿ ಕೈ ಇಡಬೇಡ, ಈ ಸಪ್ಪಳ ಬಂದರೆ ಪಟ್ಟಾ ಸಡಿಲಾಗಿದೆಯೆಂದು ತಿಳಿ" ಎಂದು ಹೇಳಿಕೊಟ್ಟವರು ಅವರು. ಆ ಹುಡುಗ ಅವರ ಕೆಲಸವನ್ನು ಕದ್ದನೆಂದು ಯಾರೂ ಹೇಳುವುದಿಲ್ಲ. ಮಿಲ್ಲಿನಲ್ಲಿ ಸರಿಯಾದುದು ಶಾಲೆಯಲ್ಲಿ ತಪ್ಪಾಗುವುದು ಹೇಗೆ?

ಮಕ್ಕಳು ಮಕ್ಕಳಿಗೆ ಕಲಿಸುವುದು ಮೊಬೈಲಿನೊಂದಿಗೆ ಬಂದ ಹೊಸ ಚಾಳಿಯೂ ಅಲ್ಲ. ಹಿಂದಿನ ಕೂಲಿ ಮಠಗಳಲ್ಲಿ ಒಬ್ಬರೇ ಅಯ್ಯನವರು. ಮರಳಿನ ಮೇಲೆ ಕಿರಿಯರ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದವರು ಹಿರಿಯ ಹುಡುಗರು. ಒಬ್ಬ ಮಗ್ಗಿ ಹೇಳಬೇಕು, ಉಳಿದವರೆಲ್ಲ ದನಿಗೂಡಿಸಬೇಕು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಹಾಗೆಯೇ ಬಾಯಿಗೆ ಬಂದವು. ದಕ್ಷಿಣ ಭಾರತದ ಶಾಲೆಗಳಲ್ಲಿ ಈ ಬಗೆಯ ಕಲಿಕೆಯನ್ನು ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳಿಗೆ ಇದನ್ನೇ ಅಳವಡಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚು ಹಾಕಿಸಿದ. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದು ಹೆಸರಾಗಿ ಇಂಗ್ಲೆಂಡಿನ ಬಡವರ ಶಾಲೆಗಳಲ್ಲಿ ಹರಡಿತು. ನಮ್ಮ ಮರಳಿನ ಪಾಠ ಕಡಲು ದಾಟಿ ಹೋದ ಕತೆ ಇದು.

ಆದರೆ ಈ ಕತೆಗೆ ಎರಡನೆಯ ಭಾಗವೂ ಇದೆ. ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಮೆಚ್ಚಿದವರಲ್ಲಿ ಬಹಳ ಜನ ಮೆಚ್ಚಿದ್ದು ಅದರ ಅಗ್ಗತನವನ್ನು. ನೂರಾರು ಬಡ ಮಕ್ಕಳಿಗೆ ಒಬ್ಬನೇ ಮಾಸ್ತರ ಸಾಕು, ಉಳಿದುದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ ಎಂಬ ಲೆಕ್ಕ ಅವರದು. ಶ್ರೀಮಂತರ ಮಕ್ಕಳಿಗೆ ಮಾತ್ರ ಈ ಅಗ್ಗದ ವ್ಯವಸ್ಥೆ ಇರಲಿಲ್ಲ. ಈ ಎಚ್ಚರ ನಮಗೂ ಬೇಕು. ಮಕ್ಕಳ ಮುಯ್ಯಿಯನ್ನು ನಾವು ಹೊಗಳುತ್ತೇವೆ. ಆದರೆ ಅದನ್ನೇ ನೆಪ ಮಾಡಿ ಗಣಿತ, ವಿಜ್ಞಾನದ ಮಾಸ್ತರರ ಹುದ್ದೆಯನ್ನು ಖಾಲಿ ಬಿಡುವ ಸರಕಾರವನ್ನು ಹೊಗಳಲಾರೆವು. ಮುಯ್ಯಾಳು ಬರುತ್ತಾರೆಂದು ಹೊಲದ ಒಡೆಯ ಮನೆಯಲ್ಲಿ ಮಲಗುವುದುಂಟೇ?

ನಮ್ಮ ಭಾಗದ ಮಕ್ಕಳಿಗೆ ಈ ಸಹಾಯ ಹೆಚ್ಚು ಬೇಕಾಗಿರುವುದಕ್ಕೆ ಕಾರಣಗಳಿವೆ. ಮೊದಲನೆಯದು ಭಾಷೆ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಪಾಠ ಕೇಳಿ ಮನೆಗೆ ಬಂದು ಕನ್ನಡದಲ್ಲಿ ಯೋಚಿಸಿದ ಹಿರಿಯರು ಈ ಜಿಲ್ಲೆಯ ಮನೆಮನೆಯಲ್ಲಿದ್ದರು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ಬೀದರಿನ ಜನ ಇಂದಿಗೂ ನೆನೆಯುವುದು ಅದಕ್ಕಾಗಿ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆಗೆ ಕನ್ನಡ ಬಂತು. ಆದರೆ ಔರಾದ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣಗಳಿಗೆ ಅಂಟಿಕೊಂಡ ಗಡಿ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಕೇಳಿಸುತ್ತವೆ. 'ವಿದ್ಯುತ್ ರೋಧ' ಎಂದು ಪುಸ್ತಕ ಹೇಳಿದುದನ್ನು ಮನೆಯ ಮಾತಿನಲ್ಲಿ ಬಿಡಿಸಿ ಹೇಳಬಲ್ಲವನು ಅನೇಕ ಸಲ ಪಕ್ಕದ ಗೆಳೆಯನೇ. ನೇಮಕವಾಗಿ ದೂರದಿಂದ ಬಂದ ಮಾಸ್ತರರಿಗೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಆ ಮಾತು ಕೂಡಲೇ ಬರುವುದಿಲ್ಲ.

ಎರಡನೆಯ ಕಾರಣ ನಾವು ಕಳೆದುಕೊಂಡ ದಿನಗಳು. 2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಜುಲೈಯಲ್ಲಿ ಚಂದನ ದೂರದರ್ಶನದಲ್ಲಿ ಪಾಠ ಬಂತು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಮಾಸ್ತರರು ಗುಡಿಯ ಅಂಗಳಕ್ಕೆ, ಮರದ ನೆರಳಿಗೆ ಬಂದು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಮನೆಯಲ್ಲಿ ಮೊಬೈಲು, ಡಾಟಾ ಇದ್ದವರ ಮಕ್ಕಳು ಕಲಿತರು. ಇಲ್ಲದವರ ಮಕ್ಕಳು ಇದ್ದವರ ಮನೆಯ ಬಾಗಿಲಿಗೆ ಹೋಗಿ ಕುಳಿತರು. ಅಂದು ಬಾಗಿಲು ತೆರೆದ ಮನೆಗಳಿಗೆ ಈ ಪತ್ರಿಕೆಯ ನಮಸ್ಕಾರ. ಆಗ ಪ್ರಾಥಮಿಕ ತರಗತಿಗಳಲ್ಲಿದ್ದ ಮಕ್ಕಳೇ ಇಂದು ಪ್ರೌಢಶಾಲೆಯ ಬೆಂಚುಗಳಲ್ಲಿದ್ದಾರೆ. ಅಂದು ತಪ್ಪಿದ ಭಿನ್ನರಾಶಿ ಇಂದು ಬೀಜಗಣಿತದಲ್ಲಿ ಎಡವಿಸುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇಕಡ 91 ಮಕ್ಕಳು ತೇರ್ಗಡೆಯಾದರೆ, ನಮ್ಮ ನೆರೆಯ ಕಲಬುರಗಿಯಲ್ಲಿ ತೇರ್ಗಡೆಯಾದವರು ಶೇಕಡ 42 ಮಾತ್ರ. ಹುಟ್ಟಿದ ಜಿಲ್ಲೆ ನೋಡಿ ಬುದ್ಧಿ ಹಂಚಿಕೆಯಾಗುತ್ತದೆಯೇ? ಇಲ್ಲ. ಹಂಚಿಕೆಯಲ್ಲಿ ಮೋಸವಾಗಿರುವುದು ಶಾಲೆ, ಮಾಸ್ತರ, ಪುಸ್ತಕ ಮತ್ತು ಹೊತ್ತು. 371ನೆಯ ಕಲಮಿಗೆ 'ಜೆ' ಸೇರಿ ನಮಗೆ ವಿಶೇಷ ಸ್ಥಾನಮಾನ ಬಂದು ದಶಕವೇ ಕಳೆದರೂ ಈ ಮೋಸ ಇನ್ನೂ ಸರಿಹೋಗಿಲ್ಲ.

ಮೂರನೆಯದು ರೊಕ್ಕ. ಕಲಿಕೆಯನ್ನು ಮೊಬೈಲಿನಲ್ಲಿಟ್ಟು ಮಾರುವ ಅಂಗಡಿಗಳನ್ನು ನಾವು ಕಂಡಿದ್ದೇವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಬೈಜೂಸ್ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. 2024ರ ಜುಲೈಯಲ್ಲಿ ಅದು ಬೆಂಗಳೂರಿನ ನ್ಯಾಯಮಂಡಳಿಯ ಮುಂದೆ ದಿವಾಳಿ ಪ್ರಕ್ರಿಯೆಗೆ ಬಂತು. ಅಂಗಡಿ ದಿವಾಳಿಯಾಗಬಹುದು, ಅಕ್ಕ ತಮ್ಮನಿಗೆ ಹೇಳಿಕೊಡುವ ಲೆಕ್ಕ ದಿವಾಳಿಯಾಗುವುದಿಲ್ಲ. ಮಾಸ್ತರರು ಖಾಸಗಿ ಟ್ಯೂಷನ್ ನಡೆಸಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾನೂನಿನ 28ನೆಯ ಕಲಮು ಹೇಳುತ್ತದೆ. ಆದರೂ ಟ್ಯೂಷನ್ನಿನ ಫೀ ಕೊಡಲಾರದ ತಂದೆಯೇ ತಪ್ಪಿತಸ್ಥನೆಂಬಂತೆ ತಲೆ ತಗ್ಗಿಸಿ ನಿಲ್ಲುವುದನ್ನು ನಾವು ಕಾಣುತ್ತೇವೆ.

ಇಷ್ಟೆಲ್ಲ ಲೆಕ್ಕದಿಂದ ನಮಗೇನು ಎಂದು ಕೇಳುವ ಬಂಧುಗಳಿಗೆ ಒಂದು ಮಾತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದಾಗ ಮೂರೇ ತಾನೇ ಎನಿಸುತ್ತದೆ. ವರ್ಷಕ್ಕೆ ಅದು 36. ಹತ್ತು ಸಾವಿರಕ್ಕೆ ವರ್ಷಕ್ಕೆ ಶೇಕಡ 12ರಂತೆ ಎರಡು ವರ್ಷದ ಸರಳ ಬಡ್ಡಿ 2,400, ಚಕ್ರಬಡ್ಡಿಯಾದರೆ 2,544. ಆ 144 ರೂಪಾಯಿ ಯಾರ ಗಂಟು? ಸಗಟು ವ್ಯಾಪಾರಿಯ ಬಿಲ್ಲು ನೋಡುವ ಕಿರಾಣಿ ಅಂಗಡಿಯವರಿಗೂ, ಪಗಾರದ ಚೀಟಿ ನೋಡುವ ಕೂಲಿಕಾರರಿಗೂ ಈ ಪ್ರಶ್ನೆ ಒಂದೇ. ಲೆಕ್ಕ ಬಲ್ಲವನಿಗೆ ಮೋಸ ಮಾಡುವುದು ಕಷ್ಟ. ಹಾಗೆಯೇ ಮಿಲ್ಲಿನಲ್ಲಿ ವೈರಿಂಗ್ ಮಾಡುವ ತಂದೆ, ಮನೆಯ ದೀಪಗಳನ್ನು ಒಂದರ ಹಿಂದೊಂದು ಜೋಡಿಸದೆ ಬೇರೆ ಬೇರೆ ಎಳೆಯಲ್ಲಿ ಏಕೆ ಜೋಡಿಸುತ್ತಾರೆಂದು ಮಗಳಿಗೆ ತೋರಿಸಲಿ. ಒಂದು ದೀಪ ಸುಟ್ಟರೂ ಉಳಿದವು ಆರುವುದಿಲ್ಲ. ಪುಸ್ತಕ ಇದನ್ನೇ 'ಸಮಾಂತರ ಜೋಡಣೆ' ಎನ್ನುತ್ತದೆ. ನಮಗೇನೂ ಬರುವುದಿಲ್ಲ ಎಂದು ಕೈಚೆಲ್ಲುವ ತಂದೆತಾಯಿಯರಿಗೆ ತಮಗೆ ಬರುವುದು ಎಷ್ಟೆಂದು ಗೊತ್ತಿಲ್ಲ.

ಮೊಬೈಲಿನಿಂದ ಮಕ್ಕಳು ಕೆಡುತ್ತಾರೆಂಬ ಆತಂಕ ಸುಳ್ಳಲ್ಲ. ಪುಟದ ಫೋಟೋ ಕಳುಹಿಸಿದರೆ ಯಂತ್ರವೇ ಉತ್ತರ ಬರೆದುಕೊಡುವ ಕಾಲ ಬಂದಿದೆ. ಹಾಗೆ ಬಂದ ಉತ್ತರವನ್ನು ಬರೆದುಕೊಂಡರೆ ಮನೆಗೆಲಸ ಮುಗಿಯುತ್ತದೆ, ತಲೆ ಹಾಗೆಯೇ ಖಾಲಿ ಉಳಿಯುತ್ತದೆ. ಯಂತ್ರವನ್ನು ಬೈದು ಫಲವಿಲ್ಲ; ಮಗುವಿನ ಪಕ್ಕದಲ್ಲಿ ಮತ್ತೊಂದು ಮಗು ಇರಬೇಕು. "ನೀನು ಎಲ್ಲಿಯವರೆಗೆ ಮಾಡಿದಿ? ಯಾಕೆ ಹಾಗೆ ಮಾಡಿದಿ?" ಎಂದು ಕೇಳುವ ಗೆಳೆಯನಿದ್ದರೆ ಬರೀ ಉತ್ತರದಿಂದ ತೃಪ್ತಿಯಾಗುವುದಿಲ್ಲ. ಹೇಳಿಕೊಟ್ಟವನಿಗೂ ಲಾಭವುಂಟು. ಇನ್ನೊಬ್ಬರಿಗೆ ಬಿಡಿಸಿ ಹೇಳಲು ಹೊರಟಾಗಲೇ ತನಗೆ ಎಷ್ಟು ತಿಳಿದಿದೆಯೆಂದು ಅವನಿಗೂ ಗೊತ್ತಾಗುವುದು.

ಇನ್ನೊಂದು ಕಹಿ ಮಾತನ್ನೂ ಆಡಬೇಕಾಗಿದೆ. ಅನೇಕ ಮನೆಗಳಲ್ಲಿ ಮೊಬೈಲು ಮಗನ ಕೈಗೆ ಹೋಗುತ್ತದೆ, ಮಗಳ ಕೈಗೆ ಹೋಗುವುದಿಲ್ಲ. ಮಗ ಸಂಜೆ ಗೆಳೆಯರ ಮನೆಗೆ ಹೋಗಬಹುದು. ಮಗಳು ಒಲೆಯ ಮುಂದೆ ಕೂಡಬೇಕು. ಭಾಲ್ಕಿಯ ಆ ಹುಡುಗಿಯ ಕೈಯಲ್ಲಿ ಮೊಬೈಲು ಇಲ್ಲದಿದ್ದರೆ ಸಂತಪುರದ ಹುಡುಗನ ಲೆಕ್ಕ ತಪ್ಪಾಗಿಯೇ ಉಳಿಯುತ್ತಿತ್ತು. ಸಮಾನತೆಯ ಮಾತು ಸಭೆಯಲ್ಲಿ ಆಡುವ ನಾವು ಅದನ್ನು ಮೊದಲು ಮನೆಯೊಳಗೆ ತರಬೇಕು.

ಆಗಬೇಕಾದುದೇನು? ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ನಮ್ಮವೇ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಡಲು ಸರಕಾರವೇ ಆರಂಭಿಸಿತು. ಆ ಬಾಗಿಲುಗಳು ಸಂಜೆ ಆರರಿಂದ ಒಂಬತ್ತರವರೆಗೆ ತೆರೆದಿರಲಿ. ದೀಪ, ಚಾಪೆ, ಹಲಗೆ, ಇಂಟರ್ನೆಟ್ ಇರಲಿ. ಹೆಣ್ಣುಮಕ್ಕಳು ಬಂದು ಹೋಗಲು ಓಣಿಯ ತಾಯಂದಿರು ಜೊತೆಯಾಗಲಿ. ಗ್ರಂಥಾಲಯ ಇಲ್ಲದ ಓಣಿಗಳಲ್ಲಿ ಕೂಲಿಕಾರರ ಸಂಘದ ಕೋಣೆ ಇದೆ. ವರ್ತಕ ಬಂಧುಗಳ ಅಂಗಡಿಯ ಕಟ್ಟೆ ಇದೆ. ವಾರಕ್ಕೆ ಎರಡು ಸಂಜೆ ಒಂದು ದೀಪ ಉರಿಸಿದರೆ ಯಾರೂ ಬಡವರಾಗರು.

ಮಕ್ಕಳಿಗೆ ನಮ್ಮ ಮಾತು ಇಷ್ಟೇ. ಕೇಳುವವನು ತಾನು ಎಲ್ಲಿಯವರೆಗೆ ಮಾಡಿದನೆಂದು ಮೊದಲು ತೋರಿಸಲಿ. ಹೇಳುವವನು ಉತ್ತರವನ್ನು ಕೊನೆಗೆ ಇಟ್ಟುಕೊಳ್ಳಲಿ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ಮರುದಿನ ಮಾಸ್ತರರನ್ನು ಕೇಳಲಿ. ಇಂದು ಪಡೆದವನು ನಾಳೆ ಇನ್ನೊಬ್ಬನಿಗೆ ಕೊಡಲಿ.

ಹಿರಿಯರಿಗೆ ನಮ್ಮ ಮಾತು ಇನ್ನೂ ಚಿಕ್ಕದು. ಬರುವ ಸೋಮವಾರ ನಿಮ್ಮ ಶಾಲೆಗೆ ಹೋಗಿ, ಗಣಿತಕ್ಕೆ, ವಿಜ್ಞಾನಕ್ಕೆ ಮಾಸ್ತರರಿದ್ದಾರೆಯೇ ಎಂದು ಕೇಳಿರಿ. ಇಲ್ಲವಾದರೆ ಹತ್ತು ಜನ ಕೂಡಿ ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ನಮ್ಮ ಕಚೇರಿಗೆ ಬನ್ನಿರಿ, ಬರೆದುಕೊಡುತ್ತೇವೆ. ನಮ್ಮ ಮಕ್ಕಳು ಮುಯ್ಯಿ ತೀರಿಸುತ್ತಿದ್ದಾರೆ. ನಮ್ಮ ಪಾಲಿನ ಮುಯ್ಯಿ ಇನ್ನೂ ಬಾಕಿಯಿದೆ.